ಮಂಚದ ಗುಬಟು

ಲೆಬ್ರೆಖ್ಟ್ ಎಂದು ನನ್ನ ಹೆಸರು. ಮರ ಕಡೆಯುವವ.
ಎಲ್ಡರ್‌ಬಾಖ್ ಊರಿಗೆಲ್ಲ ಮಂಚದ ಕಾಲು, ರಾಟೆಯ ಕದಿರು,
ಶವಪೆಟ್ಟಿಗೆಯ ಹಿಡಿ, ಏನು ಕೇಳಿದರೂ ಸೈ.
ಒಂದು ಬೇಸಿಗೆ ಟೆಕ್ಲಾ ಎಂಬ ಹೆಂಗಸು ಬಂದು
ಒಂದು ಗೋಲ, ಒಂದು ಘನ, ಒಂದು ಉರುಳೆ ಬೇಕೆಂದಳು.
ಬಣ್ಣ ಬೇಡ. ಅಂಚು ಮೊಂಡಾಗಬಾರದು.
‘ಯಾವುದಕ್ಕೆ ಜೋಡಿಸುವುದು?’ ಅಂದೆ.
‘ಯಾವುದಕ್ಕೂ ಅಲ್ಲ.
ಮಗುವಿನ ಕೈಗೆ.’

ಇಪ್ಪತ್ತೆರಡು ವರ್ಷದಲ್ಲಿ
ಯಾವುದಕ್ಕೂ ಜೋಡಿಸದ ಸಾಮಾನು ಕಡೆದವನಲ್ಲ.
ಬೆಲೆ ಹೇಗೆ ಕಟ್ಟಲಿ?
ಗುಬಟಿನ ಲೆಕ್ಕದಲ್ಲಿ ಕಟ್ಟಿದೆ.

ನನ್ನ ಕಾಲಕ್ಕೆ ಕಾಯುವ ಶಾಲೆ ಅಂತಿತ್ತು.
ತಾಯಂದಿರು ಗಿರಣಿಗೆ, ನಾವು ಬೆಂಚಿಗೆ.
ಕೈ ಮೊಣಕಾಲ ಮೇಲೆ, ಕಣ್ಣು ಗೋಡೆಯ ಮೇಲೆ.
ಒಮ್ಮೆ ಕಿಟಕಿಯ ಬಿಸಿಲಲ್ಲಿ ಧೂಳು ಕುಣಿಯಿತು. ನಕ್ಕೆ.
ಬೆತ್ತ ಬಿತ್ತು,
ಧೂಳಿಗಲ್ಲ.

ಮಗು ಪಾಪದ ಮೊಳಕೆ ಎಂದರು ಪಾದ್ರಿ.
ಬರಿಯ ಹಲಗೆ, ನಾವು ಬರೆದದ್ದೇ ಅಕ್ಷರ ಎಂದರು ಮೇಷ್ಟರು.
ಗಿರಣಿಯ ಯಜಮಾನನಿಗೆ ಅದು ಅರ್ಧ ಆಳು, ಕಾಲು ಕೂಲಿ.
ಅವ್ವ ಏನೂ ಅನ್ನಲಿಲ್ಲ;
ಅವಳಿಗೆ ನಿದ್ದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ
ಅನ್ನುವವರು ಯಾರೂ ಮರ ಕೊಯ್ದವರಲ್ಲ.
ಗಿಡದಲ್ಲೇ ಬಗ್ಗಿಸಿದ ಮರ ನನ್ನ ಅಂಗಡಿಗೂ ಬರುತ್ತದೆ.
ಮೇಲೆ ನೋಡಿದರೆ ಲಕ್ಷಣವಾಗಿದೆ.
ಉಳಿ ತಾಗಿಸಿದೆಯೋ,
ಒಳಗೆ ಅಷ್ಟು ವರ್ಷ ಹಲ್ಲು ಕಚ್ಚಿಕೊಂಡದ್ದೆಲ್ಲ
ಒಮ್ಮೆಗೇ ಬಿಚ್ಚಿಕೊಂಡು ಸೀಳುತ್ತದೆ.
ಅದರಲ್ಲಿ ಗೋಲ ಬರುವುದಿಲ್ಲ.
ಒಲೆಗೆ ಆದೀತು, ಅದೂ ಸಿಡಿಸಿಡಿ ಅನ್ನುತ್ತ.

ಬಣ್ಣಗಾರನ ಮನೆಯ ಮಾಳಿಗೆಯಲ್ಲಿ ಟೆಕ್ಲಾಳ ಮಕ್ಕಳ ತೋಟ.
ಗಿಡವಿಲ್ಲ, ಹೂವಿಲ್ಲ, ಹನ್ನೊಂದು ಮಕ್ಕಳು.
ನಮ್ಮ ಆಲ್ವಿನೆಗೆ ನಾಲ್ಕು ವರ್ಷ.
ಒಂದು ಸಂಜೆ ಮನೆಗೆ ಬಂದು,
‘ಅಪ್ಪಾ, ಘನದೊಳಗೆ ಉರುಳೆ ಅಡಗಿದೆ’ ಅಂದಳು.
‘ನಾನೇ ಮಾಡಿದ್ದು ಕಣೇ, ಒಳಗೆ ಬರೀ ಮರ.’
ಅವಳು ಮಾತಾಡಲಿಲ್ಲ. ನೂಲಿಗೆ ಕಟ್ಟಿ,
ಹುರಿ ಏರಿಸಿ ಬಿಟ್ಟಳು.
ಘನ ಗಿರ್ರನೆ ತಿರುಗಿತು. ಮೂಲೆಗಳು ಮಾಯ.
ನಡುವೆ ನಿಂತಿತ್ತು ಉರುಳೆ, ಹೊಗೆಯಂತೆ, ನುಣ್ಣಗೆ.

ದಿನವಿಡೀ ಚೌಕವನ್ನು ಸುತ್ತಿಸಿ ದುಂಡಗೆ ಮಾಡುವವನು ನಾನು.
ಉಳಿಯಿಲ್ಲದೆಯೂ ಆಗುತ್ತದೆಂದು
ಆವತ್ತು ಗೊತ್ತಾಯಿತು.
ಅನ್ನ ಆರುವವರೆಗೂ ನೋಡುತ್ತಿದ್ದೆ,
ಅಲ್ಲ, ಸೂಪು. ಏನೋ ಒಂದು ಆರಿತು.

ಐವತ್ತೊಂದರ ಆಗಸ್ಟು. ಬರ್ಲಿನ್ನಿನಿಂದ ಹುಕುಂ:
ಮಕ್ಕಳ ತೋಟಗಳನ್ನು ಮುಚ್ಚತಕ್ಕದ್ದು.
ದೇವರಿಲ್ಲದ ಬೋಧನೆಯಂತೆ.
ಅಣ್ಣನ ಮಗ ಬರೆದ ಪುಸ್ತಕಕ್ಕೆ ಚಿಕ್ಕಪ್ಪನಿಗೆ ಬರೆ
ಎಂದು ಸಂತೆಯಲ್ಲಿ ಗುಸುಗುಸು.
ಇದ್ದೀತು. ದೊಡ್ಡವರನ್ನೇ ಬೇರೆ ಬೇರೆ ಮಾಡಿ ನೋಡಲಾರದವರು
ಹನ್ನೊಂದು ಮಕ್ಕಳನ್ನು ಹೇಗೆ ನೋಡಿಯಾರು!

ಜಮೇದಾರ ಕ್ನೋರ್ ಮಾಳಿಗೆ ಹತ್ತಿದ.
ಘನವನ್ನು ಕಿವಿಗೆ ಹಿಡಿದು ಅಲುಗಿಸಿದ.
‘ಸಿಡಿಯುತ್ತದೆಯೇ?’
ಮಕ್ಕಳು ನಕ್ಕವು. ಬೆತ್ತ ಬೀಳಲಿಲ್ಲ,
ಅದೊಂದು ಹೊಸತು.
ಪೆಟ್ಟಿಗೆ ಹೊತ್ತು ಹೋದ.
ಟೆಕ್ಲಾ ಅಂಚೆಗಾಡಿ ಹತ್ತಿ ಹ್ಯಾಂಬರ್ಗಿಗೆ ಹೋದಳು.
ಮೊಳೆಗೆ ಕಟ್ಟಿದ ನೂಲು ಯಾರಿಗೂ ಬೇಡವಾಗಿ ತೂಗುತ್ತಿತ್ತು.

ಆಮೇಲೆ ಬಣ್ಣಗಾರನ ಹೆಂಡತಿ ಬಂದಳು.
‘ಮಂಚದ ಗುಬಟು ಬೇಕಿತ್ತು.’
‘ನಾಲ್ಕೇ?’
‘ಒಂದು. ಜೊತೆಗೆ ಚೌಕದ್ದೊಂದು.’
ಸೂಲಗಿತ್ತಿ ಬಂದಳು, ರೊಟ್ಟಿಯಂಗಡಿಯವಳು ಬಂದಳು.
ಆ ವರ್ಷ ಊರಿನ ಮಂಚಗಳಿಗೆಲ್ಲ ಏನೋ ರೋಗ.

ನವೆಂಬರ್‌ನಲ್ಲಿ, ದೀಪ ಆರಿಸುವ ಹೊತ್ತಿಗೆ, ಕ್ನೋರ್.
ನನ್ನನ್ನು ನೋಡದೆ, ಗೋಡೆಯ ಉಳಿಗಳನ್ನು ನೋಡುತ್ತ,
‘ಗುಬಟು,’ ಅಂದ, ‘ಮಂಚಕ್ಕೆ.’
‘ಎಷ್ಟು ದಪ್ಪ?’
ದೊಡ್ಡ ಮುಷ್ಟಿ ಬಿಗಿದ. ಅಲ್ಲವೆಂದು ತಲೆಯಾಡಿಸಿದ.
ಬೆರಳುಗಳನ್ನು ಒಳಗೆ ತಂದು, ಇನ್ನೂ ಒಳಗೆ ತಂದು,
ಯಾವುದೋ ಪುಟ್ಟ ಅಂಗೈ ನೆನಪಾದಲ್ಲಿ
ನಿಲ್ಲಿಸಿದ.

ಅವನಿಗೆ ಮಾತ್ರ ಎರಡರಷ್ಟು ದರ ಹಾಕಿದೆ.
ನೂಲು ಪುಕ್ಕಟೆ.